ಗುಜರಿಗೆ ಹಾಕುವ ಮುನ್ನ



ನಾನು ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಕಚೇರಿಯೊಂದರಲ್ಲಿ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸ ಮಾಡುವವನು. ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ, ಪ್ರಿಂಟರ್ ಸಿಗುತ್ತಿಲ್ಲ, ಸಿಸ್ಟಮ್ ಹ್ಯಾಂಗ್ ಆಗಿದೆ ಎಂದು ಟಿಕೆಟ್ ಹಾಕುತ್ತಾರಲ್ಲ, ಆ ಟಿಕೆಟ್ ಬಂದು ಬೀಳುವುದು ನಮ್ಮಂಥವರ ಮುಂದೆ. ನಾವು ಸಾಫ್ಟ್‌ವೇರ್ ಬರೆಯುವವರಲ್ಲ. ಬರೆಯುವವರ ಯಂತ್ರ ನಿಲ್ಲದಂತೆ ನೋಡಿಕೊಳ್ಳುವವರು. ಈ ಕೆಲಸ ಮಾಡುತ್ತ ಮಾಡುತ್ತ ಯಂತ್ರಗಳ ಬಗ್ಗೆ, ಕಂಪ್ಯೂಟರ್ ಆಟಗಳ ಬಗ್ಗೆ, ರಾಜಕೀಯದ ಬಗ್ಗೆ ನನ್ನಲ್ಲಿ ಕೆಲವು ಅಭಿಪ್ರಾಯಗಳು ಗಟ್ಟಿಯಾಗಿವೆ. ಮೂರೂ ಬೇರೆ ಬೇರೆ ವಿಷಯ ಅನ್ನಿಸಬಹುದು. ನನಗೆ ಮೂರೂ ಬಂದು ಸೇರುವುದು ಒಂದೇ ಪ್ರಶ್ನೆಯಲ್ಲಿ. ಒಂದು ಕಂಪ್ಯೂಟರಿನ ಕಾಲ ಮುಗಿಯಿತು ಎಂದು ತೀರ್ಮಾನಿಸುವವರು ಯಾರು? ಇವತ್ತು ನಾನು ಮಾತಾಡುವುದು ಇದರ ಬಗ್ಗೆಯೇ.

ಮೊದಲು ನಾನು ದಿನವೂ ಕಾಣುವುದನ್ನು ಹೇಳುತ್ತೇನೆ. ದೊಡ್ಡ ಕಚೇರಿಗಳಲ್ಲಿ ಲ್ಯಾಪ್‌ಟಾಪಿಗೆ ಮೂರು ಅಥವಾ ನಾಲ್ಕು ವರ್ಷ ಎಂಬ ಲೆಕ್ಕ ಇದೆ. ವಾರಂಟಿ ಮುಗಿಯುತ್ತದೆ, ಇಲ್ಲವೇ ಬಾಡಿಗೆ ಕರಾರು ಮುಗಿಯುತ್ತದೆ. ಹೊಸದು ಬರುತ್ತದೆ. ಹಳೆಯದರ ಅಸೆಟ್ ಟ್ಯಾಗ್ ನೋಡಿ ಪಟ್ಟಿಯಲ್ಲಿ ಗುರುತು ಹಾಕಿ, ರಟ್ಟಿನ ಪೆಟ್ಟಿಗೆಗೆ ತುಂಬುತ್ತೇವೆ. ಪೆಟ್ಟಿಗೆಗೆ ಹೋಗುವ ಯಂತ್ರ ಹೇಗಿರುತ್ತದೆ ಗೊತ್ತೇ? ಬ್ಯಾಟರಿ ಸೋತಿರುತ್ತದೆ. ಫ್ಯಾನಿಗೆ ಧೂಳು ಕಟ್ಟಿರುತ್ತದೆ. ಕೀಲಿಮಣೆಯ ಒಂದೆರಡು ಅಕ್ಷರ ಮಾಸಿರುತ್ತದೆ. ಆದರೆ ಒಳಗಿನ ಪ್ರೊಸೆಸರ್ ಚೆನ್ನಾಗಿಯೇ ಇರುತ್ತದೆ. ಪ್ರೊಸೆಸರ್ ಮೂರು ನಾಲ್ಕು ವರ್ಷದ ಬಳಕೆಗೆ ಸವೆದುಹೋಗುವ ವಸ್ತುವಲ್ಲ. ಸವೆಯುವುದು ಬ್ಯಾಟರಿ, ಫ್ಯಾನು, ಕೀಲು, ಡಿಸ್ಕು. ಈ ನಾಲ್ಕನ್ನೂ ಬದಲಿಸಬಹುದು. ಹತ್ತು ವರ್ಷದ ಹಿಂದಿನ ಲ್ಯಾಪ್‌ಟಾಪಿನಿಂದ ತಿರುಗುವ ಹಾರ್ಡ್ ಡಿಸ್ಕ್ ತೆಗೆದು ತಿರುಗುವ ಭಾಗವಿಲ್ಲದ ಒಂದು ಎಸ್‌ಎಸ್‌ಡಿ ಹಾಕಿ ನೋಡಿ. ಐದು ನಿಮಿಷಕ್ಕೆ ತೆರೆದುಕೊಳ್ಳುತ್ತಿದ್ದದ್ದು ಅರ್ಧ ನಿಮಿಷಕ್ಕೆ ತೆರೆದುಕೊಳ್ಳುತ್ತದೆ. ಬರೆಯಲು, ಓದಲು, ಪಾಠದ ವಿಡಿಯೊ ನೋಡಲು, ಲೆಕ್ಕಪತ್ರ ಇಡಲು ಅದು ಧಾರಾಳ ಸಾಕು.

ಹಾಗಾದರೆ ಅದರ ಕಾಲ ಮುಗಿಯಿತು ಎಂದವರು ಯಾರು? ಕಚೇರಿಯ ಲೆಕ್ಕಪುಸ್ತಕ ಹೇಳಿತು. ಅದರ ಜೊತೆಗೆ ಸಾಫ್ಟ್‌ವೇರ್ ಕಂಪನಿಯ ದಿನಾಂಕವೂ ಹೇಳಿತು. ವಿಂಡೋಸ್ 10 ಬಂದದ್ದು 2015ರಲ್ಲಿ. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆಬಳಕೆಯವರಿಗೆ ಇನ್ನೊಂದು ವರ್ಷದ ಗಡುವು ಕೊಟ್ಟರು, ಅಷ್ಟೆ. ವಿಂಡೋಸ್ 11 ಬೇಕಾದರೆ ಯಂತ್ರದಲ್ಲಿ ಟಿಪಿಎಂ ಎಂಬ ಭದ್ರತಾ ವ್ಯವಸ್ಥೆಯ ಎರಡನೆಯ ಆವೃತ್ತಿ ಇರಬೇಕು. ಗುಪ್ತ ಕೀಲಿಗಳನ್ನು ಕಾಯುವ ಪುಟ್ಟ ಚಿಪ್ಪು ಅದು. ಪ್ರೊಸೆಸರ್ ಕೂಡ ಕಂಪನಿಯ ಪಟ್ಟಿಯಲ್ಲಿರಬೇಕು. ಇಂಟೆಲ್‌ನದಾದರೆ ಎಂಟನೇ ತಲೆಮಾರು ಅಥವಾ ಅದರ ಮೇಲಿನದು. ಅಂದರೆ 2017ಕ್ಕಿಂತ ಹಿಂದಿನ ಬಹುತೇಕ ಯಂತ್ರಗಳಿಗೆ ಬಾಗಿಲು ಮುಚ್ಚಿತು. ಭದ್ರತೆಯ ಕಾರಣ ಸುಳ್ಳೆಂದು ನಾನು ಹೇಳುವುದಿಲ್ಲ. ಅಪ್‌ಡೇಟ್ ಇಲ್ಲದ ಯಂತ್ರವನ್ನು ಇಂಟರ್‌ನೆಟ್ಟಿಗೆ ಜೋಡಿಸಿ ಬ್ಯಾಂಕ್ ಕೆಲಸ ಮಾಡಬೇಡಿ ಎಂದು ನಾನೇ ಎಲ್ಲರಿಗೂ ಹೇಳುತ್ತೇನೆ. ಆದರೆ ಒಂದು ದಿನಾಂಕದಿಂದ ಲೋಕದಾದ್ಯಂತ ಕೋಟಿಗಟ್ಟಲೆ ಯಂತ್ರಗಳ ಬೆಲೆ ಬಿದ್ದುಹೋಗುತ್ತದೆ. ಆ ದಿನಾಂಕವನ್ನು ಗೊತ್ತು ಮಾಡುವಾಗ ಯಂತ್ರ ಕೊಂಡವರನ್ನು ಯಾರೂ ಕೇಳಲಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಈವರೆಗೆ ಹೇಳಿದ್ದು ಇಷ್ಟು. ಯಂತ್ರ ಕೆಟ್ಟು ಗುಜರಿಗೆ ಹೋಗುವುದಕ್ಕಿಂತ ಹೆಚ್ಚಾಗಿ, ಲೆಕ್ಕ ಮತ್ತು ದಿನಾಂಕದ ಕಾರಣಕ್ಕೆ ಹೋಗುತ್ತದೆ. ಈಗ ವೈಟ್‌ಫೀಲ್ಡ್ ಬಿಟ್ಟು ನಗರದ ಇನ್ನೊಂದು ತುದಿಗೆ ಹೋಗೋಣ. ಪೀಣ್ಯಕ್ಕೆ.

ಪೀಣ್ಯದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಶೆಡ್ಡಿನೊಳಗೆ ಸಿಎನ್‌ಸಿ ಯಂತ್ರ ಇರುತ್ತದೆ. ಲೋಹವನ್ನು ಕಂಪ್ಯೂಟರಿನ ಆಜ್ಞೆಯಂತೆ ಕೊರೆದು ಕಡೆಯುವ ಯಂತ್ರ. ಅದರ ಪಕ್ಕದಲ್ಲಿ ಎಣ್ಣೆ ಹಿಡಿದ ಒಂದು ಹಳೆಯ ಪಿಸಿ ಕೂತಿರುವುದನ್ನು ಹಲವು ಕಡೆ ನೋಡಬಹುದು. ಅದರಲ್ಲಿ ವಿಂಡೋಸ್ ಎಕ್ಸ್‌ಪಿ ಓಡುತ್ತಿರುತ್ತದೆ. 2001ರಲ್ಲಿ ಬಂದ, 2014ರಲ್ಲಿ ಬೆಂಬಲ ನಿಂತ ಎಕ್ಸ್‌ಪಿ. ಹಿಂಭಾಗದಲ್ಲಿ ಒಂಬತ್ತು ಸೂಜಿಯ ಸೀರಿಯಲ್ ಪೋರ್ಟು. ಅಲ್ಲಿಂದ ಒಂದು ಕೇಬಲ್ ಸಿಎನ್‌ಸಿಗೆ. ಆ ಕೇಬಲ್ಲಿನ ಮೂಲಕ ಪ್ರೋಗ್ರಾಂ ಹೋಗುತ್ತದೆ, ಉಪಕರಣ ತಿರುಗುತ್ತದೆ, ಬಿಡಿಭಾಗ ತಯಾರಾಗುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರಕ್ಕೆ ಆಜ್ಞೆ ಕೊಡುವುದು, ವೈಟ್‌ಫೀಲ್ಡಿನ ಲೆಕ್ಕದಲ್ಲಿ ಎಂದೋ ಸತ್ತುಹೋದ ಪಿಸಿ.

ಆ ಪಿಸಿಯ ಮದರ್‌ಬೋರ್ಡ್ ಹೋದರೆ ಮಾಲೀಕರು ಎಸ್‌ಪಿ ರೋಡಿಗೆ ಫೋನ್ ಮಾಡುತ್ತಾರೆ. ಸಾದರ ಪತ್ರಪ್ಪ ರಸ್ತೆ. ಟೌನ್‌ಹಾಲಿನಿಂದ ನಡೆದು ಹೋಗುವಷ್ಟು ದೂರ. ಅಲ್ಲಿನ ಇಕ್ಕಟ್ಟಾದ ಮಳಿಗೆಗಳಲ್ಲಿ ಹದಿನೈದು ವರ್ಷದ ಹಿಂದಿನ ಬೋರ್ಡು, ಆ ಬೋರ್ಡಿಗೆ ಕೂರುವ ರ‍್ಯಾಮು, ಹಳೆ ಕಾಲದ ಅಗಲ ಕೇಬಲ್ಲಿನ ಡಿಸ್ಕು ಎಲ್ಲ ಹುಡುಕಿದರೆ ಸಿಗುತ್ತದೆ. ಕಪಾಸಿಟರ್ ಬದಲಿಸಿ ಬೋರ್ಡು ಎಬ್ಬಿಸುವ ಕೈಗಳೂ ಅಲ್ಲಿವೆ. ಪೀಣ್ಯದವರು ಇದನ್ನು ಪರಿಸರಪ್ರೇಮದಿಂದ ಮಾಡುವುದಿಲ್ಲ. ಪಿಸಿ ಬದಲಿಸಿದರೆ ತಂತ್ರಾಂಶ ಬದಲಾಗಬೇಕು, ತಂತ್ರಾಂಶ ಬದಲಾದರೆ ಕಂಟ್ರೋಲರ್ ಬದಲಾಗಬೇಕು, ಅಷ್ಟು ಹಣ ಎಲ್ಲಿದೆ? ಆದ್ದರಿಂದ ಉಳಿಸಿಕೊಳ್ಳುತ್ತಾರೆ. ಅಪಾಯ ಗೊತ್ತಿರುವವರು ಅದನ್ನು ನೆಟ್‌ವರ್ಕಿಗೆ ಜೋಡಿಸುವುದಿಲ್ಲ. ಪ್ರೋಗ್ರಾಂಗಳ ನಕಲು ತೆಗೆದು ಬೇರೆ ಕಡೆ ಇಡುತ್ತಾರೆ. ಯಂತ್ರವನ್ನು ಅದರ ಕೆಲಸ ನೋಡಿ ಅಳೆಯುವ ಈ ಕ್ರಮದ ಮೇಲೆ ನನಗೆ ಬಹಳ ಗೌರವ. ಸಪೋರ್ಟ್ ಕೆಲಸ ಕಲಿಯುವ ಹುಡುಗರನ್ನು ನಾನು ಮೊದಲು ಕಳಿಸಬೇಕೆನ್ನುವುದು ಪೀಣ್ಯದ ಶೆಡ್ಡಿಗೆ, ಆಮೇಲೆ ಎಸ್‌ಪಿ ರೋಡಿಗೆ.

ಒಂದೇ ನಗರ. ಒಂದು ತುದಿಯಲ್ಲಿ ನಾಲ್ಕು ವರ್ಷ, ಇನ್ನೊಂದು ತುದಿಯಲ್ಲಿ ಇಪ್ಪತ್ತು ವರ್ಷ. ಇದನ್ನು ನೆನಪಿಟ್ಟುಕೊಳ್ಳಿ. ಈಗ ಮುಂದಿನ ವಿಷಯ. ವೈಟ್‌ಫೀಲ್ಡಿನ ಪೆಟ್ಟಿಗೆಯಲ್ಲಿರುವ ಯಂತ್ರಗಳು ಶಾಲೆಗೆ ಏಕೆ ಹೋಗುವುದಿಲ್ಲ?

ಕಾನೂನು ಅಡ್ಡ ಬರುತ್ತದೆ ಎಂದು ಅನೇಕರು ನಂಬಿದ್ದಾರೆ. ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆಯಡಿ ಬರುವ ಕಂಪನಿಗಳು ಸುಂಕವಿಲ್ಲದೆ ಕಂಪ್ಯೂಟರ್ ತರಿಸಿಕೊಳ್ಳಬಹುದು. ಸುಂಕ ಕಟ್ಟದ ವಸ್ತುವನ್ನು ಹೊರಗೆ ಕೊಡುವ ಹಾಗಿಲ್ಲ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ದೇಶದ ವಿದೇಶ ವ್ಯಾಪಾರ ನೀತಿಯಲ್ಲಿ ಇದಕ್ಕೆ ಬಿಡುವು ಇದೆ. ತಂದು ಎರಡು ವರ್ಷ ಬಳಸಿದ ಕಂಪ್ಯೂಟರ್, ಪ್ರಿಂಟರ್, ಮಾನಿಟರ್‌ಗಳನ್ನು ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆ, ಸಾರ್ವಜನಿಕ ಗ್ರಂಥಾಲಯ, ನೋಂದಾಯಿತ ಧರ್ಮಾರ್ಥ ಆಸ್ಪತ್ರೆಗಳಿಗೆ ಸುಂಕ ಕಟ್ಟದೆಯೇ ದಾನ ಮಾಡಬಹುದು. ಸಂಸ್ಥೆ ಲಾಭಕ್ಕಾಗಿ ನಡೆಯುವಂಥದ್ದಾಗಿರಬಾರದು, ಕಾಗದಪತ್ರ ಸರಿಯಾಗಿರಬೇಕು. ಅಷ್ಟೆ. ಈ ನಿಯಮ ಬಹಳ ಹಳೆಯದು. ನಮ್ಮ ಕಚೇರಿಗಳಲ್ಲಿ ಇದನ್ನು ಬಲ್ಲವರು ಕಡಿಮೆ.

ನಿಜವಾದ ತಡೆ ಭಯ. ಮಾಹಿತಿ ಸೋರಿಹೋದೀತು ಎಂಬ ಭಯ. ಭಯ ಸರಿಯಾದದ್ದೇ. ಗ್ರಾಹಕರ ಮಾಹಿತಿ ಇರುವ ಡಿಸ್ಕು ಹೊರಗೆ ಹೋಗಬಾರದು. ಆದರೆ ಮಾಹಿತಿ ಇರುವುದು ಎಲ್ಲಿ? ಡಿಸ್ಕಿನಲ್ಲಿ. ಪರದೆಯಲ್ಲಿ ಇಲ್ಲ, ಕೀಲಿಮಣೆಯಲ್ಲಿ ಇಲ್ಲ, ಪ್ರೊಸೆಸರಿನಲ್ಲಿ ಇಲ್ಲ. ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ಬೆರಳುದ್ದದ ಒಂದು ಪಟ್ಟಿ. ಒಂದೇ ತಿರುಪು. ಅದನ್ನು ಬಿಚ್ಚಿ ಪುಡಿ ಮಾಡಿಸಿ. ಉಳಿದ ಯಂತ್ರವನ್ನು ಕೊಡಿ. ತೆಗೆದುಕೊಂಡ ಶಾಲೆ ಹೊಸ ಡಿಸ್ಕ್ ಹಾಕಿಕೊಳ್ಳುತ್ತದೆ. ಡಿಸ್ಕನ್ನು ಬೋರ್ಡಿಗೇ ಬೆಸೆದಿದ್ದರೆ ಮಾತ್ರ ತೊಂದರೆ. ರ‍್ಯಾಮನ್ನೂ ಡಿಸ್ಕನ್ನೂ ಬೆಸೆದ ಮಾದರಿಗಳನ್ನು ಕೊಳ್ಳಬೇಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುವುದು ಈ ಕಾರಣಕ್ಕೂ ಹೌದು.

ಇನ್ನೊಂದು ಬೀಗ ಇದೆ. ಅದು ಕಣ್ಣಿಗೆ ಕಾಣುವುದಿಲ್ಲ. ಕಚೇರಿಯ ಲ್ಯಾಪ್‌ಟಾಪುಗಳ ಗುರುತು ಕಂಪನಿಯ ಕ್ಲೌಡ್ ಖಾತೆಯಲ್ಲಿ ದಾಖಲಾಗಿರುತ್ತದೆ. ಡಿಸ್ಕ್ ಬದಲಿಸಿ ವಿಂಡೋಸ್ ಹೊಸದಾಗಿ ಹಾಕಿದರೂ, ನೆಟ್‌ವರ್ಕ್ ಸಿಕ್ಕ ಕೂಡಲೇ ಅದು ಹಳೆಯ ಕಂಪನಿಯ ಹೆಸರು ತೋರಿಸಿ ಪಾಸ್‌ವರ್ಡ್ ಕೇಳುತ್ತದೆ. ಯಂತ್ರ ಆನ್ ಆಗುವಾಗಲೇ ತಡೆಯುವ ಬಯೋಸ್ ಪಾಸ್‌ವರ್ಡ್ ಬೇರೆ. ಕೊಡುವ ಮುನ್ನ ಸಪೋರ್ಟಿನವರು ಆ ದಾಖಲೆಯನ್ನು ಅಳಿಸಬೇಕು. ಕೆಲವು ನಿಮಿಷದ ಕೆಲಸ. ಅದನ್ನು ಮಾಡದೆ ಕಳಿಸಿದರೆ ಚೆನ್ನಾಗಿರುವ ಯಂತ್ರವೂ ಕಲ್ಲು. ನನ್ನ ವೃತ್ತಿಯ ಗೆಳೆಯರು ಯಾರಾದರೂ ಕೇಳುತ್ತಿದ್ದರೆ, ದಯವಿಟ್ಟು ಈ ಮಾತನ್ನು ಮನಸ್ಸಿಗೆ ಹಾಕಿಕೊಳ್ಳಿ. ಯಂತ್ರದ ಎರಡನೆಯ ಆಯಸ್ಸು ನಿಮ್ಮ ಆ ಒಂದು ಕ್ಲಿಕ್ಕಿನಲ್ಲಿದೆ.

ಹೀಗೆ ಕೊಟ್ಟ ಯಂತ್ರ ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳಬಹುದು. ಬಂದದ್ದುಂಟು. ಬನ್ನೇರುಘಟ್ಟ ರಸ್ತೆಯ ಗುರಪ್ಪನಪಾಳ್ಯದ ಬಳಿ ಸುದರ್ಶನ್ ಲೇಔಟ್ ಎಂಬ ಕೊಳೆಗೇರಿ ಇದೆ. ಹದಿನೈದು ವರ್ಷಕ್ಕೂ ಹಿಂದೆ ಸ್ವತಂತ್ರ ತಂತ್ರಾಂಶ ಚಳವಳಿಯ ಕಾರ್ಯಕರ್ತರು ಅಲ್ಲಿ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ ತೆರೆದರು. ಬಳಸಿ ಬಿಟ್ಟ ಕಂಪ್ಯೂಟರುಗಳು. ಅವುಗಳ ಮೇಲೆ ಲಿನಕ್ಸ್. ಅಲ್ಲಿನ ಮಕ್ಕಳು ಅವುಗಳಲ್ಲೇ ಚಿತ್ರ ಬಿಡಿಸಲು, ಬರೆಯಲು ಕಲಿತರು. ಕಾಸರಗೋಡಿನ ಕಡೆ ನೋಡಿ. ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸ್ ಆಧಾರಿತ ವ್ಯವಸ್ಥೆಯೇ ಇದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಲಿನಕ್ಸಿಗೆ ಪರವಾನಗಿ ಹಣ ಬೇಡ, ಹಳೆಯ ಯಂತ್ರವಾದರೂ ನಡೆಯುತ್ತದೆ. ವಿಂಡೋಸ್ 11 ಬೇಡವೆಂದ ಯಂತ್ರಗಳನ್ನು ಕರ್ನಾಟಕದ ಶಾಲೆಗಳು ಇದೇ ದಾರಿಯಲ್ಲಿ ಬಳಸಿಕೊಳ್ಳಬಹುದು.

ಇಲ್ಲಿಯವರೆಗೆ ಕಚೇರಿ, ಕಾರ್ಖಾನೆ, ಶಾಲೆಯ ಮಾತಾಯಿತು. ಇನ್ನು ಆಟಕ್ಕೆ ಬರೋಣ. ಕಂಪ್ಯೂಟರ್ ಆಟ ಎಂದ ಕೂಡಲೇ ಮನೆಯ ಹಿರಿಯರ ಮುಖ ಗಂಟಿಕ್ಕುತ್ತದೆ. ಒಂದು ನಿಮಿಷ ಕೇಳಿ.

ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರದ ಕಡೆ ಪಿಜಿಗಳಲ್ಲಿ ಇರುವ ಹುಡುಗರನ್ನು ನಾನು ಬಲ್ಲೆ. ಐಟಿಐ ಓದಿದವರು, ಡಿಪ್ಲೊಮಾ ಓದಿದವರು. ಹೊಸ ಗೇಮಿಂಗ್ ಕಂಪ್ಯೂಟರಿಗೆ ಲಕ್ಷದ ಹತ್ತಿರ ಬೇಕು. ಅವರ ಸಂಬಳ ಎಷ್ಟು? ಆದ್ದರಿಂದ ಕಚೇರಿಯೊಂದು ಹೊರಹಾಕಿದ ಸಣಕಲು ಡೆಸ್ಕ್‌ಟಾಪನ್ನು ಸೆಕೆಂಡ್ ಹ್ಯಾಂಡಿನಲ್ಲಿ ತರುತ್ತಾರೆ. ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಬೇಕು. ಇಲ್ಲಿಂದ ಪಾಠ ಶುರು. ಕಚೇರಿ ಡೆಸ್ಕ್‌ಟಾಪಿನ ಎಸ್‌ಎಂಪಿಎಸ್, ಅಂದರೆ ವಿದ್ಯುತ್ ಒದಗಿಸುವ ಪೆಟ್ಟಿಗೆ, ಚಿಕ್ಕದು. ಅದರಿಂದ ಕಾರ್ಡಿಗೆ ಬೇರೆ ವಿದ್ಯುತ್ ತಂತಿ ಬರುವುದಿಲ್ಲ. ಕಾರ್ಡ್ ಕೂರುವ ಸ್ಲಾಟು ಕೊಡುವುದು 75 ವ್ಯಾಟ್ ಮಾತ್ರ. ಹಾಗಾದರೆ 75 ವ್ಯಾಟಿನೊಳಗೆ ಬದುಕುವ ಕಾರ್ಡ್ ಯಾವುದು? ಜಿಟಿಎಕ್ಸ್ 1050 ಟಿಐ ಆಗಬಹುದೇ? ಎತ್ತರ ಹಿಡಿಸುತ್ತದೆಯೇ? ಬಿಸಿ ಗಾಳಿ ಯಾವ ಕಡೆಯಿಂದ ಹೊರಗೆ ಹೋಗುತ್ತದೆ? ಹುಡುಗ ಕ್ಯಾಬಿನೆಟ್ ತೆರೆದು ಅಳೆಯುತ್ತಾನೆ, ಲೆಕ್ಕ ಹಾಕುತ್ತಾನೆ, ಜೋಡಿಸುತ್ತಾನೆ. ಆಟ ಓಡಿದ ದಿನ ಅವನಿಗೆ ವಿದ್ಯುತ್ತು, ಶಾಖ, ಗಾಳಿಯ ಓಟ ಮೂರರ ಬಗ್ಗೆಯೂ ಗೊತ್ತಾಗಿರುತ್ತದೆ. ನಮ್ಮ ಸಪೋರ್ಟ್ ವೃತ್ತಿಗೆ ಒಳ್ಳೆಯ ಕೈಗಳು ಬರುವ ದಾರಿಗಳಲ್ಲಿ ಇದೂ ಒಂದು. ಆಟ ತಯಾರಿಸುವವರಿಗೂ ಈ ಊರು ಹೊಸದಲ್ಲ. ಧ್ರುವ ಇಂಟರಾಕ್ಟಿವ್ ಎಂಬ ಸ್ಟುಡಿಯೊ ಬೆಂಗಳೂರಿನಲ್ಲಿ ಶುರುವಾದದ್ದು 1997ರಲ್ಲಿ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡಿತು.

ಸರ್ಕಾರಗಳ ಕಣ್ಣಿಗೆ ಆಟದ ಎರಡೇ ಮುಖ ಬಿದ್ದಿವೆ. ಒಂದು ಜೂಜು, ಇನ್ನೊಂದು ಇ-ಸ್ಪೋರ್ಟ್ಸ್ ಪಂದ್ಯ. 2021ರಲ್ಲಿ ಕರ್ನಾಟಕ ತನ್ನ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಿತು. ಮರುವರ್ಷ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯ್ದೆ ಮಾಡಿ ಹಣದ ಆಟ ನಿಷೇಧಿಸಿ, ಇ-ಸ್ಪೋರ್ಟ್ಸಿಗೆ ಮಾನ್ಯತೆ ಕೊಟ್ಟಿತು. ಹಣದ ಆಟ ನಿಂತದ್ದು ಒಳ್ಳೆಯದೇ ಆಯಿತು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಸಾಲ ಮಾಡಿ ಕಳೆದುಕೊಂಡವರ ಮನೆಗಳು ನಮ್ಮ ಬಡಾವಣೆಗಳಲ್ಲಿವೆ. ಆದರೆ ಮೂರನೆಯ ಮುಖವೊಂದಿದೆ. ಆಟಕ್ಕಾಗಿ ಯಂತ್ರ ಬಿಚ್ಚುವ ಹುಡುಗ, ಹುಡುಗಿ. ಅವರಿಗಾಗಿ ಯಾವ ನೀತಿಯೂ ಇಲ್ಲ. ಇತ್ತೀಚೆಗೆ ಅವರಿಗೂ ಬೀಗ ಬೀಳುತ್ತಿದೆ. ವ್ಯಾಲೊರಂಟ್ ಎಂಬ ಜನಪ್ರಿಯ ಆಟವನ್ನು ವಿಂಡೋಸ್ 11ರಲ್ಲಿ ಆಡಬೇಕಾದರೆ ನಾನು ಆಗ ಹೇಳಿದ ಟಿಪಿಎಂ ಬೇಕೇ ಬೇಕು. ಮೋಸದಾಟ ತಡೆಯಲು ಇದು ಎನ್ನುತ್ತಾರೆ. ಸರಿ. ಆದರೆ ಯಂತ್ರದ ಶಕ್ತಿ ಸಾಕಿದ್ದರೂ ಹುಡುಗ ಹೊರಗುಳಿಯುತ್ತಾನೆ. ಸಾಲದ್ದಕ್ಕೆ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜಿಗಿಯಿತು. ಎಐ ನಡೆಸುವ ದೊಡ್ಡ ದೊಡ್ಡ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡದ್ದು ಇದಕ್ಕೆ ಮುಖ್ಯ ಕಾರಣ. ಹೀಗಿರುವಾಗ ಕಚೇರಿಯ ಪೆಟ್ಟಿಗೆಯಲ್ಲಿ ಮಲಗಿರುವ ಹಳೆಯ ರ‍್ಯಾಮ್ ಕಡ್ಡಿಗೆ ಗುಜರಿ ಬೆಲೆ ಕಟ್ಟುವುದು ನ್ಯಾಯವೇ?

ಆಟದ ಮಾತು ಮುಗಿಯಿತು. ಕಚೇರಿಯಲ್ಲಿ ಲೆಕ್ಕಪುಸ್ತಕ, ಮನೆಯಲ್ಲಿ ಸಾಫ್ಟ್‌ವೇರಿನ ದಿನಾಂಕ, ಆಟದಲ್ಲಿ ಚಿಪ್ಪು. ಮೂರೂ ಕಡೆ ತೀರ್ಮಾನ ಯಂತ್ರದ ಒಡೆಯರ ಕೈಯಲ್ಲಿಲ್ಲ. ಇದನ್ನು ಬದಲಿಸಬಲ್ಲದ್ದು ರಾಜಕೀಯ. ಪಕ್ಷದ ಹೆಸರು ನಾನು ಹೇಳುವುದಿಲ್ಲ, ಯಾಕೆಂದರೆ ಈ ವಿಷಯ ಯಾವ ಪಕ್ಷದ ವೇದಿಕೆಯಲ್ಲೂ ನಾನು ಕೇಳಿಲ್ಲ.

ಸರ್ಕಾರಕ್ಕೆ ಮನಸ್ಸು ಬಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಊರಿನಲ್ಲೇ ಉದಾಹರಣೆ ಇದೆ. 2023ರ ಮೇ ಕೊನೆಯಲ್ಲಿ ಕೇಂದ್ರ ಐಟಿ ಸಚಿವಾಲಯ ಬೆಂಗಳೂರಿನಲ್ಲಿ ಒಂದು ಪ್ರಯೋಗ ಶುರು ಮಾಡಿತು. ವಿದೇಶದ ಕೆಟ್ಟ ಎಲೆಕ್ಟ್ರಾನಿಕ್ ವಸ್ತುಗಳನ್ನು ಇಲ್ಲಿಗೆ ತಂದು ರಿಪೇರಿ ಮಾಡಿ ವಾಪಸು ಕಳಿಸುವ ಪ್ರಯೋಗ. ಸುಮಾರು ಮೂರು ತಿಂಗಳ ಅವಧಿ. ಅದಕ್ಕಾಗಿ ಆಮದು, ಸುಂಕ, ಇ-ತ್ಯಾಜ್ಯದ ನಿಯಮಗಳನ್ನೇ ಸಡಿಲಿಸಿದರು. ಅಂದರೆ ಲೋಕದ ಯಂತ್ರಗಳನ್ನು ರಿಪೇರಿ ಮಾಡುವ ಕೈ ಬೆಂಗಳೂರಿನಲ್ಲಿದೆ ಎಂದು ಸರ್ಕಾರವೇ ಒಪ್ಪಿದೆ. ಆ ಕೈಗೆ ನಮ್ಮ ಯಂತ್ರಗಳನ್ನೂ ಕೊಡಿ ಎನ್ನುವುದು ದೊಡ್ಡ ಬೇಡಿಕೆಯೇ?

ರಿಪೇರಿಯ ಹಕ್ಕು ಎಂಬ ಮಾತು ದಿಲ್ಲಿಯಲ್ಲಿ ಕೇಳಿಬಂದಿದೆ. 2022ರ ಡಿಸೆಂಬರಿನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಅದಕ್ಕೊಂದು ಪೋರ್ಟಲ್ ತೆರೆಯಿತು. ವಸ್ತು ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂದು ಅಂಕ ಕೊಡುವ ಸೂಚ್ಯಂಕದ ಬಗ್ಗೆ ಸಮಿತಿಯೊಂದು 2025ರಲ್ಲಿ ವರದಿ ಕೊಟ್ಟಿತು. ಫ್ರಿಜ್ಜಿನ ಮೇಲೆ ವಿದ್ಯುತ್ ಉಳಿತಾಯದ ನಕ್ಷತ್ರ ಇರುತ್ತದಲ್ಲ, ಹಾಗೆ ಲ್ಯಾಪ್‌ಟಾಪಿನ ಡಬ್ಬಿಯ ಮೇಲೆ ರಿಪೇರಿಯ ಅಂಕ. ಇದು ಕಡ್ಡಾಯವಾಗಬೇಕು. ತಿರುಪಿನ ಬದಲು ಅಂಟು ಬಳಸಿದವರಿಗೆ, ರ‍್ಯಾಮ್ ಬೆಸೆದವರಿಗೆ ಕಡಿಮೆ ಅಂಕ. ಕೊಳ್ಳುವವರು ನೋಡಿ ಕೊಳ್ಳಲಿ.

ಇ-ತ್ಯಾಜ್ಯದ ಹೊಸ ನಿಯಮ 2023ರ ಏಪ್ರಿಲಿನಿಂದ ಜಾರಿಯಲ್ಲಿದೆ. ತಯಾರಕರೇ ಹಳೆಯ ವಸ್ತುವಿನ ಮರುಬಳಕೆಗೆ ಹೊಣೆ ಎನ್ನುತ್ತದೆ. ಒಳ್ಳೆಯ ನಿಯಮ. ದುರಸ್ತಿ ಮಾಡಿ ಮತ್ತೆ ಬಳಕೆಗೆ ಬಿಡುವವರನ್ನೂ ಅದು ಗುರುತಿಸಿದೆ. ಆದರೆ ಅದರ ಗುರಿಗಳೆಲ್ಲ ತೂಕದಲ್ಲಿವೆ. ಇಷ್ಟು ಟನ್ ಪುಡಿಯಾಯಿತು ಎಂದರೆ ಲೆಕ್ಕ ಸರಿಹೋಗುತ್ತದೆ. ಅಷ್ಟರಲ್ಲಿ ಎಷ್ಟು ಯಂತ್ರ ಇನ್ನೂ ನಡೆಯುತ್ತಿದ್ದವು ಎಂದು ಎಣಿಸುವ ಕಾಲಂ ಅಲ್ಲಿಲ್ಲ. 2022ರಲ್ಲಿ ಲೋಕದಲ್ಲಿ ಆರು ಕೋಟಿ ಟನ್ನಿಗೂ ಹೆಚ್ಚು ಇ-ತ್ಯಾಜ್ಯ ಬಿತ್ತೆಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಸರಿಯಾದ ರೀತಿಯಲ್ಲಿ ಮರುಬಳಕೆಯಾದದ್ದು ಅದರ ಕಾಲು ಭಾಗಕ್ಕೂ ಕಡಿಮೆ. ದೇಶದಲ್ಲಿ ಅನುಮತಿ ಪಡೆದ ಮೊದಲ ಇ-ತ್ಯಾಜ್ಯ ಘಟಕಗಳಲ್ಲೊಂದಾದ ಇ-ಪರಿಸರ ಇರುವುದು ಪೀಣ್ಯದಿಂದ ತುಮಕೂರು ರಸ್ತೆ ಹಿಡಿದು ಹೋದರೆ ಸಿಗುವ ದಾಬಸ್‌ಪೇಟೆಯಲ್ಲಿ. 2005ರಿಂದ ಕೆಲಸ ಮಾಡುತ್ತಿದೆ. ಅಂಥ ಘಟಕಗಳು ಬೇಕೇ ಬೇಕು. ಅಲ್ಲಿಗೆ ಹೋಗಬೇಕಾದದ್ದು ನಿಜವಾಗಿ ಸತ್ತ ಯಂತ್ರ.

ನಮ್ಮ ರಾಜ್ಯದ ಕಿಯೊನಿಕ್ಸ್ ಬಗ್ಗೆ ಒಂದು ಮಾತು. 1976ರಲ್ಲಿ ಹುಟ್ಟಿದ, ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ಸಂಸ್ಥೆ. ಅದನ್ನು ಮುನ್ನಡೆಸಿದ ಆರ್. ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ಮುನ್ನೂರಕ್ಕೂ ಹೆಚ್ಚು ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿದ್ದು ಅದೇ. 2025ರ ನವೆಂಬರಿನ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ ಕಿಯೊನಿಕ್ಸ್ 'ಕಿಯೋ' ಎಂಬ ಪುಟ್ಟ ಕಂಪ್ಯೂಟರ್ ತೋರಿಸಿತು. ಆಗ ಹೇಳಿದ ಬೆಲೆ ಸುಮಾರು 19 ಸಾವಿರ ರೂಪಾಯಿ. ಮುಕ್ತ ವಿನ್ಯಾಸದ ಪ್ರೊಸೆಸರ್, ಲಿನಕ್ಸ್. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಹೊಸ ಯಂತ್ರವನ್ನು ವೇದಿಕೆಯ ಮೇಲೆ ತೋರಿಸುವುದಕ್ಕಿಂತ ಅದಕ್ಕೆ ಹತ್ತು ವರ್ಷ ಬಿಡಿಭಾಗ ಒದಗಿಸುವುದು ಕಷ್ಟ. ಅದರ ಬೋರ್ಡಿನ ನಕ್ಷೆ ಪ್ರಕಟವಾಗಲಿ. ಹಾಸನದ ಐಟಿಐ ಹುಡುಗಿಯೂ ರಾಯಚೂರಿನ ರಿಪೇರಿ ಅಂಗಡಿಯವರೂ ಅದನ್ನು ಬಿಚ್ಚಿ ಸರಿಮಾಡುವಂತಾಗಲಿ. ಅದೇ ಕಿಯೊನಿಕ್ಸ್ ಐಟಿ ಪ್ರದೇಶಗಳ ಕಚೇರಿಗಳಿಂದ ಹಳೆಯ ಲ್ಯಾಪ್‌ಟಾಪ್ ಪಡೆದು, ದುರಸ್ತಿ ಮಾಡಿಸಿ, ಕನ್ನಡ ಕೀಲಿಮಣೆ ವಿನ್ಯಾಸದೊಂದಿಗೆ ಸರ್ಕಾರಿ ಪ್ರೌಢಶಾಲೆಗಳಿಗೆ ಕಳಿಸುವ ಕೇಂದ್ರವೊಂದನ್ನು ಯಾಕೆ ತೆರೆಯಬಾರದು? ನಿಯಮ ಇದೆ, ಯಂತ್ರ ಇದೆ, ಕೈಗಳಿವೆ.

ಕೇಳುಗರೇ, ಬೆಂಗಳೂರು ಈಗ ಐದು ಪಾಲಿಕೆಗಳಾಗಿದೆ. ಓಟು ಕೇಳಲು ಮನೆಗೆ ಬರುವವರು ರಸ್ತೆ, ಮೋರಿ, ನೀರಿನ ಮಾತಾಡುತ್ತಾರೆ, ಆಡಲೇಬೇಕು. ಅದರ ಜೊತೆಗೆ ಇದನ್ನೂ ಕೇಳಿ: ನಮ್ಮ ವಾರ್ಡಿನ ಶಾಲೆಗೆ ಪಕ್ಕದ ಟೆಕ್ ಪಾರ್ಕಿನ ಕಂಪ್ಯೂಟರ್ ಯಾವಾಗ ಬರುತ್ತದೆ? ಕಚೇರಿಯಲ್ಲಿರುವವರು ನಿಮ್ಮ ಅಡ್ಮಿನ್ ವಿಭಾಗದವರನ್ನು ಕೇಳಿ: ಈ ವರ್ಷ ಹೊರಹೋಗುವ ಲ್ಯಾಪ್‌ಟಾಪುಗಳಲ್ಲಿ ಎಷ್ಟರ ಡಿಸ್ಕ್ ಮಾತ್ರ ತೆಗೆದು ಉಳಿದದ್ದನ್ನು ಕೊಡಬಹುದು? ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇರುವವರು, ಗುಜರಿಯವರನ್ನು ಕರೆಯುವ ಮುನ್ನ, ಫೋಟೊ ಮತ್ತು ಕಾಗದಪತ್ರದ ನಕಲು ತೆಗೆದುಕೊಳ್ಳಿ, ಖಾತೆಗಳಿಂದ ಸೈನ್ ಔಟ್ ಆಗಿ, ಎಸ್‌ಎಸ್‌ಡಿ ಹಾಕಿದರೆ ಏನು ಖರ್ಚಾಗುತ್ತದೆಂದು ಹತ್ತಿರದ ರಿಪೇರಿ ಅಂಗಡಿಯಲ್ಲಿ ಒಮ್ಮೆ ವಿಚಾರಿಸಿ.